ಕಟ್ ಎಂದ ಮೇಲೆ

ಎಡಗೈಯ ಗವಸು ಕಾಣಿಸಲಿಲ್ಲವೆಂಬುದು ಮರ್ನಾಳಿಗೆ ಒಳ್ಳೆಯ ನೆಪವಾಯಿತು. ಬರಿಗೈಯಲ್ಲಿ ಫಿಲ್ಮ್ ಮುಟ್ಟಬಾರದು, ಬೆರಳಿನ ಜಿಡ್ಡು ತಾಗಿದರೆ ಕಲೆ ಉಳಿಯುತ್ತದೆ, ಆದ್ದರಿಂದ ಗವಸು ಸಿಗುವ ತನಕ ಕೆಲಸಕ್ಕೆ ಕೈಹಾಕುವ ಹಾಗಿಲ್ಲ. ಮೇಜಿನ ಎರಡನೆಯ ಖಾನೆಯಲ್ಲಿ ಹೊಸ ಹತ್ತಿಯ ಗವಸುಗಳ ಪೆಟ್ಟಿಗೆಯೊಂದು ಒಡೆಯದೆ ಬಿದ್ದಿದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕುರ್ಚಿಯಡಿ ಬಗ್ಗಿ ನೋಡಿದಳು, ಕಸದ ಬುಟ್ಟಿಯಲ್ಲಿ ಕೈಯಾಡಿಸಿದಳು, ಐವತ್ತೆರಡರ ಹೆಂಗಸು ನೆಲಕ್ಕೆ ಮೊಣಕಾಲೂರಿ ಒಂದು ತುಂಡು ಬಟ್ಟೆಗಾಗಿ ಹುಡುಕಾಡುವುದು ಎಂಥ ಕರ್ಮವೆಂದು ತನ್ನನ್ನೇ ಬೈದುಕೊಂಡಳು. ಹೊರಗೆ ವ್ಯಾನ್ ನೈಸ್ ಪೇಟೆಯ ರಸ್ತೆಯ ಮೇಲೆ ಮರುಭೂಮಿಯ ಬಿಸಿಗಾಳಿ ಮೂರನೆಯ ದಿನವೂ ಬೀಸುತ್ತಿತ್ತು. ತಾಳೆಮರದ ಒಣಗರಿಗಳು ನಿಲ್ಲಿಸಿದ ಕಾರುಗಳ ಮೇಲೆ ಬೀಳುತ್ತಿದ್ದವು. ಒಳಗೆ ಮಾತ್ರ ಫಿಲ್ಮಿನ ಸಲುವಾಗಿ ಸದಾ ತಣ್ಣಗಿಟ್ಟ ಕೋಣೆ, ಕಳೆದ ವರ್ಷದ ಭೂಕಂಪದಲ್ಲಿ ಬಿರುಕುಬಿಟ್ಟ ಗೋಡೆ, ಬೂದುಬಣ್ಣದ ಸ್ವೆಟರ್ ಇಲ್ಲದೆ ಅಲ್ಲಿ ಅರ್ಧ ಗಂಟೆ ಕೂರಲಾಗುತ್ತಿರಲಿಲ್ಲ. ನಾಲ್ಕು ಗಂಟೆಗೆ ಲ್ಯಾಬಿನ ಗಾಡಿ ಬಂದು ಸುರುಳಿಗಳನ್ನು ಒಯ್ಯುತ್ತದೆ. ಅಷ್ಟರೊಳಗೆ ಅವಳು ತೀರ್ಮಾನಿಸಬೇಕು. ‘ಮೌನ ಹಸಿವು’ ಎಂಬ ಚಿತ್ರದ ಅರವತ್ತೊಂದನೆಯ ನಿಮಿಷದಲ್ಲಿರುವ ಹನ್ನೊಂದು ಸೆಕೆಂಡುಗಳನ್ನು ಉಳಿಸುವುದೋ, ಕತ್ತರಿಸಿ ತೆಗೆಯುವುದೋ.

ಹಿಂದಿನ ದಿನ ಮಧ್ಯಾಹ್ನ ಡಾರ್ಲಾ ವೆಸ್ಕಾಟ್ ಫೋನ್ ಮಾಡಿದ್ದಳು. ಮೂರು ವರ್ಷದ ಹಿಂದೆ ಆ ಚಿತ್ರದ ನಾಯಕಿ. ಈಗ ಬೇಕರ್ಸ್‌ಫೀಲ್ಡಿನ ಹಲ್ಲಿನ ಡಾಕ್ಟರೊಬ್ಬರ ಬಳಿ, ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸ. ಚಿತ್ರವನ್ನು ಹೊಸದಾಗಿ ಡಿಸ್ಕಿನಲ್ಲಿ ತರುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿದಳಂತೆ. ನಿರ್ಮಾಪಕ ಲೂ ಗ್ರಾನಿಕ್‌ಗೆ ಎರಡು ಸಲ ಫೋನ್ ಮಾಡಿದಳಂತೆ, ನೋಡೋಣ ಅಂದನಂತೆ. ಅವನು ನೋಡೋಣ ಅಂದರೆ ಏನೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ಡಾರ್ಲಾ, ಯಾರೋ ಬರೆದುಕೊಟ್ಟದ್ದನ್ನು ಓದುವವಳಂತೆ ಒಂದೇ ಉಸಿರಿಗೆ ಹೇಳಿದಳು:

“ಮಿಕ್ಕಿದ್ದೆಲ್ಲಾ ಇರಲಿ ಮರ್ನಾ. ಅದು ನಾನು ಮಾಡಿದ ಕೆಲಸ. ಏನು ಕಾಣ್ಬೇಕು, ಎಷ್ಟು ಕಾಣ್ಬೇಕು ಅಂತ ಕಾಗದದಲ್ಲಿ ಬರೆದಿತ್ತು, ಓದಿ ಸೈನ್ ಹಾಕಿದ್ದೆ. ಅದಕ್ಕೆ ನಂಗೆ ನಾಚಿಕೆ ಇಲ್ಲ. ಆ ಕೊನೇದು ಮಾತ್ರ ಕೆಲಸ ಅಲ್ಲ. ಡೈರೆಕ್ಟರ್ ಕಟ್ ಅಂದಾಗಿತ್ತು. ಅದು ನಾನು. ಅದನ್ನ ತೆಗೆದುಬಿಡಿ.”

ಡಾರ್ಲಾ ಮತ್ತೊಂದು ಮಾತು ಸೇರಿಸಿದಳು. “ನಿಮ್ಮನ್ನೇ ಯಾಕೆ ಕೇಳ್ತಿದೀನಿ ಅಂದ್ರೆ, ಅವತ್ತು ಅಷ್ಟು ಜನ ಇದ್ರಲ್ಲ, ನಂಗೆ ಗೌನ್ ತಂದುಕೊಟ್ಟಿದ್ದು ನೀವೊಬ್ರೇ. ಒಂದೇ ಕೈಗೆ ಬಿಳೀ ಗವಸು ಹಾಕ್ಕೊಂಡಿದ್ರಿ. ಡಾಕ್ಟರ್ ಥರ ಇದ್ರಿ. ಅದನ್ನ ನಾನು ಯಾವತ್ತೂ ಮರೆಯಲ್ಲ.” ನಾಳೆ ಮೂರು ಗಂಟೆ ಸುಮಾರಿಗೆ ಬರುತ್ತೇನೆ, ಅದು ಹೋಯಿತೆಂದು ಕಣ್ಣಾರೆ ನೋಡಿದರೆ ಸಮಾಧಾನವೆಂದಳು. ಬಾ, ಅಂದಳು ಮರ್ನಾ. ಮಾತು ಹೇಗೆ ಬಾಯಿಂದ ಬಂತೋ ಗೊತ್ತಾಗಲಿಲ್ಲ. ಫೋನಿಟ್ಟ ಮೇಲೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ಗವಸು ಇತ್ತು. ಅದನ್ನು ಕಿತ್ತು ಎಲ್ಲಿ ಬಿಸಾಡಿದಳೋ, ಈಗ ಸಿಗುತ್ತಿಲ್ಲ.

ಆ ಕಾಲವೇ ಹಾಗಿತ್ತು. ಬೀದಿಗೊಂದು ಕ್ಯಾಸೆಟ್ ಅಂಗಡಿ ಎದ್ದು, ಅವುಗಳ ಗೋಡೆ ತುಂಬಿಸಲು ದೊಡ್ಡ ಕಂಪನಿಗಳ ಚಿತ್ರಗಳು ಸಾಲದೆ ಹೋದಾಗ ಲೂನಂಥವರು ಹುಟ್ಟಿಕೊಂಡರು. ನಿನ್ನೆ ಮೊನ್ನೆಯವರೆಗೆ ಕಾರಿನ ಬಿಡಿಭಾಗ ಮಾರುತ್ತಿದ್ದವನು ನಿರ್ಮಾಪಕನಾದ. ಒಂದು ಕೊಲೆ, ಒಬ್ಬ ಸಿರಿವಂತ ಹೆಂಗಸು, ಕಿಟಕಿಯ ಪಟ್ಟಿಪಟ್ಟಿ ನೆರಳು, ಹಿನ್ನೆಲೆಗೆ ಸ್ಯಾಕ್ಸೊಫೋನು, ಹದಿನೈದು ನಿಮಿಷಕ್ಕೊಮ್ಮೆ ಹಾಸಿಗೆ. ಹೆಸರಿಗೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಲೂನ ಕಚೇರಿಯ ಗೋಡೆಗೆ ಅಂಟಿಸಿದ ಹಳದಿ ಹಾಳೆಯಲ್ಲಿ ಎರಡು ಸಾಲು ಶಬ್ದಗಳಿದ್ದವು, ಎಡಗಡೆಯದೊಂದು ಬಲಗಡೆಯದೊಂದು ಎತ್ತಿಕೊಂಡರೆ ಹೆಸರು ತಯಾರು. ಚಿತ್ರಮಂದಿರಕ್ಕೆ ಹೋಗಿ ನೋಡುವುದಕ್ಕೆ ಮುಖವಿಲ್ಲದವರು ಮಕ್ಕಳ ಕಾರ್ಟೂನಿನ ಕ್ಯಾಸೆಟ್ಟಿನಡಿ ಇದನ್ನಿಟ್ಟುಕೊಂಡು ಮನೆಗೆ ಒಯ್ದರು. ನಿರ್ದೇಶಕ ಎಮರಿ ವಾಲ್ಷ್‌ಗೆ ಮಾತ್ರ ಇದು ಹಾಸಿಗೆಯ ಚಿತ್ರವಾಗಿರಲಿಲ್ಲ, ಒಂಟಿತನದ ಚಿತ್ರವಾಗಿತ್ತು. ಒಂದು ನೆರಳು ಸರಿಹೋಗಲಿಲ್ಲವೆಂದು ಅರ್ಧ ದಿನ ಕಾಯುತ್ತಿದ್ದ. ಲೂ ಹಲ್ಲು ಕಡಿಯುತ್ತಿದ್ದ. ಮರ್ನಾ ಎಮರಿಯನ್ನು ನಂಬಿದಳು. ಹಲ್ಲುಜ್ಜುವುದು ಹೇಗೆ, ರಸ್ತೆ ದಾಟುವುದು ಹೇಗೆ ಎಂದು ಶಾಲೆಗಳಿಗೆ ತೋರಿಸುವ ಚಿತ್ರಗಳನ್ನು ಹತ್ತೊಂಬತ್ತು ವರ್ಷ ಜೋಡಿಸಿ ಬಂದವಳಿಗೆ ಯಾರನ್ನಾದರೂ ನಂಬುವುದು ಬೇಕಾಗಿತ್ತು. ಇದು ಚಿತ್ರಮಂದಿರಕ್ಕೇ ಹೋಗುತ್ತದೆ ನೋಡ್ತಿರಿ, ಎಂದು ಎಮರಿ ತಾನೇ ಬಂದು ಅವಳ ಯಂತ್ರದ ಪರದೆಗೆ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಅಂಟಿಸಿದ. ಮಂದಿರದ ಅಗಲವಾದ ತೆರೆಯಲ್ಲಿ ಎಷ್ಟು ಕಾಣುತ್ತದೋ ಅಷ್ಟನ್ನೇ ನೋಡಿ ಜೋಡಿಸಬೇಕೆಂದು. ಆರು ವಾರ ಅವಳು ಆ ಪಟ್ಟಿಗಳ ನಡುವೆಯೇ ನೋಡಿದಳು. ಚಿತ್ರ ಮಂದಿರಕ್ಕೆ ಹೋಗಲಿಲ್ಲ, ನೇರ ಕ್ಯಾಸೆಟ್ಟಿಗೆ ಹೋಯಿತು. ಟಿವಿಯ ಚೌಕದಲ್ಲಿ, ಪಟ್ಟಿಗಳು ಮುಚ್ಚಿದ್ದ ಮೇಲಿನ ಅಂಚೂ ಕೆಳಗಿನ ಅಂಚೂ ತೆರೆದುಕೊಂಡವು.

ಎದುರಿನ ಗೋಡೆಯ ಮೇಲೆ, ಬಿರುಕಿನ ಪಕ್ಕದಲ್ಲಿ, ಊರಿನ ವಾರಪತ್ರಿಕೆಯೊಂದರಿಂದ ಕತ್ತರಿಸಿದ ತುಂಡು ಇತ್ತು. ಇಂಥ ಚಿತ್ರಗಳನ್ನು ಯಾರೂ ವಿಮರ್ಶಿಸುವುದಿಲ್ಲ. ಆದರೆ ಒಬ್ಬಾತ ಇದನ್ನು ನೋಡಿ, ಕಸದ ರಾಶಿಯಲ್ಲಿ ಹನ್ನೊಂದು ಸೆಕೆಂಡು ಒಬ್ಬ ಹೆಂಗಸಿನ ಆತ್ಮ ತೆರೆ ದಾಟಿ ಬರುತ್ತದೆ, ಅದನ್ನು ಅಲ್ಲಿಟ್ಟ ಸಂಕಲನಕಾರ್ತಿಗೆ ಕೈಮುಗಿಯಬೇಕು ಎಂದು ಬರೆದಿದ್ದ. ಮರ್ನಾ ಎಂಬಲ್ಲಿ ಮೈರಾ ಎಂದು ಅಚ್ಚಾಗಿತ್ತು. ಅವಳು ಪೆನ್ನಿನಿಂದ ತಿದ್ದಿದ್ದಳು, ತಿದ್ದಿದ್ದಕ್ಕೆ ಆಮೇಲೆ ನಾಚಿಕೆಯಾಗಿ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ, ಎರಡು ದಿನ ಬಿಟ್ಟು ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿದ್ದಳು. ಆ ಹನ್ನೊಂದು ಸೆಕೆಂಡುಗಳಲ್ಲಿ ಆಗುವುದೇನೂ ಇಲ್ಲ. ಡಾರ್ಲಾ ಹಾಸಿಗೆಯ ಅಂಚಿನಲ್ಲಿ ಎದ್ದು ಕೂರುತ್ತಾಳೆ. ಹೊದಿಕೆ ಜಾರಿದೆ. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಒಮ್ಮೆ ಎದೆಗೆ, ಒಮ್ಮೆ ಮಂಡಿಗೆ ತರುತ್ತಾಳೆ. ಕಣ್ಣುಗಳು ಎಡದಿಂದ ಬಲಕ್ಕೆ ಸರಿಯುತ್ತ ಏನನ್ನೋ ಹುಡುಕುತ್ತವೆ. ತುಟಿ ಒಂದು ಮಾತು ಶುರುಮಾಡಿ ಬಿಡುತ್ತದೆ. ಕೊನೆಗೆ ಒಂದು ನಗೆ, ನಿಮಗೆಲ್ಲ ತೊಂದರೆ ಕೊಟ್ಟೆನಲ್ಲಾ ಎನ್ನುವಂಥ ಸಣ್ಣ ನಗೆ. ಮರ್ನಾ ಅದನ್ನು ಕೊಲೆಯ ದೃಶ್ಯದ ಬೆನ್ನಿಗೇ ಜೋಡಿಸಿದಳು. ಅಷ್ಟೇ, ನೋಡುವವರಿಗೆ ಅದು ತಾನೇನು ಮಾಡಿಬಿಟ್ಟೆನೆಂದು ಅರಿತ ಕೊಲೆಗಾತಿಯ ಮುಖವಾಯಿತು. ತನ್ನ ಇಡೀ ಬದುಕಿನಲ್ಲಿ ತಾನು ಮಾಡಿದ ನಿಜವಾದ ಕೆಲಸ ಅದೊಂದೇ ಎಂದು ಅವಳಿಗೆ ಅನ್ನಿಸಿತ್ತು. ಈಗಲೂ ಅನ್ನಿಸುತ್ತಿತ್ತು, ಅದೇ ಸಂಕಟ.

ಹನ್ನೊಂದು ಗಂಟೆಗೆ ಹೊರಗೆ ಹೊರಟಳು. ಹೊಸ ಗವಸು ಕೊಳ್ಳುವುದಕ್ಕೆಂದು ತನಗೇ ಹೇಳಿಕೊಂಡು ಹೊರಟು, ಎರಡು ಬೀದಿ ನಡೆದು, ಹ್ರಾಂಟ್‌ನ ಕ್ಯಾಸೆಟ್ ಅಂಗಡಿಯ ಗಾಜಿನ ಬಾಗಿಲು ತಳ್ಳಿದಳು. ಆ ಚಿತ್ರವನ್ನು ಟಿವಿಯ ಚೌಕದಲ್ಲಿ ಅವಳು ನೋಡಿದ್ದು ಒಂದೇ ಸಲ, ಬಿಡುಗಡೆಯಾದ ವಾರ, ಮನೆಯಲ್ಲಿ ಒಬ್ಬಳೇ ಕೂತು. ಆವತ್ತು ಕೆಳಗಿನ ಮೂಲೆಯಲ್ಲಿ ಏನೋ ಕಂಡಂತಾಗಿ, ನಿಲ್ಲಿಸಿ, ಹಿಂದಕ್ಕೆ ಸುತ್ತಿ ನೋಡದೆ, ಹಾಗೇ ಹೊರತೆಗೆದು ಮರುದಿನವೇ ವಾಪಸು ಕೊಟ್ಟುಬಿಟ್ಟಿದ್ದಳು. ಮೂರು ವರ್ಷ, ಕಂಡದ್ದು ನಿಜವೋ ತನ್ನ ಅಂಜಿಕೆಯೋ ಎಂದು ಬಗೆಹರಿಸಿಕೊಳ್ಳದೆ ಬದುಕಿದ್ದಳು. ಬಗೆಹರಿಸಿಕೊಳ್ಳದೆ ಬದುಕುವುದೂ ಒಂದು ಅಭ್ಯಾಸವೇ. ಹ್ರಾಂಟ್ ಅರ್ಮೇನಿಯನ್, ಬೈರೂತಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಈಗ ಗಲ್ಲಾದ ಹಿಂದೆ ಕೂತು ಹರಿದ ಕ್ಯಾಸೆಟ್ಟುಗಳನ್ನು ಅಷ್ಟೇ ನಾಜೂಕಾಗಿ ಅಂಟಿಸುತ್ತಾನೆ. ಅವಳನ್ನು ಕಂಡರೆ ಅವನಿಗೆ ಗೌರವ, ಆ ಗೌರವವನ್ನು ಚೇಷ್ಟೆಯಲ್ಲಿ ತೋರಿಸುತ್ತಾನೆ.

“ಏನು ಎಡಿಟರಮ್ಮ, ನೀವೇ ಮಾಡಿದ ಅಡಿಗೇನ ನನ್ನ ಹೋಟ್ಲಲ್ಲಿ ಬಂದು ತಿಂತೀರಾ?” ಎಂದ, ಅವಳು ಚಿತ್ರದ ಹೆಸರು ಹೇಳಿದಾಗ. ಒಳಗಿನಿಂದ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟವನು ಅದರ ಮೇಲಿಂದ ಬೆರಳು ಎತ್ತಲಿಲ್ಲ. ಇದು ಮೂರನೆಯ ಪ್ರತಿ, ಮೊದಲಿನವೆರಡೂ ಹಾಳಾದವು, ಇದೂ ಅರವತ್ತೊಂದನೆಯ ನಿಮಿಷದಲ್ಲಿ ಸವೆದುಹೋಗಿದೆ, ಅಲ್ಲಿ ಬಿಳಿ ಗೆರೆ ಬರುತ್ತವೆ, ಆಮೇಲೆ ನನ್ನ ಬೈಯಬೇಡಿ ಎಂದ. ಜನ ಎಲ್ಲಿ ನಿಲ್ಲಿಸಿ ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ನೋಡುತ್ತಾರೋ ಅಲ್ಲಿ ಟೇಪು ಸವೆಯುತ್ತದೆ. ಅಂಗಡಿಯ ಪ್ರತಿಯೊಂದು ಚಿತ್ರ ಎಲ್ಲಿ ಸವೆದಿದೆಯೆಂದು ಹ್ರಾಂಟ್‌ಗೆ ಬಾಯಿಪಾಠ. ಸಾಮಾನ್ಯವಾಗಿ ಎಲ್ಲಿ ಅಂತ ಕೇಳಬೇಕಾಗಿಲ್ಲ, ಆದರೆ ಇದೊಂದು ಮಾತ್ರ ವಿಚಿತ್ರ, ಆ ಕೆಲಸವೆಲ್ಲ ಮುಗಿದ ಮೇಲೆ, ಅವಳು ಸುಮ್ಮನೆ ಕೂತಿರುವ ಕಡೆ ಸವೆದಿದೆ ಎಂದು ತಲೆಯಾಡಿಸಿದ. ಮರ್ನಾಳ ಎದೆ ತುಂಬಿ ಬಂತು. ಅಂದರೆ ಜನ ನೋಡಿದ್ದು ಮುಖ. ಆ ಪತ್ರಿಕೆಯವನೊಬ್ಬನೇ ಅಲ್ಲ, ಕಾರ್ಟೂನಿನಡಿ ಬಚ್ಚಿಟ್ಟು ಒಯ್ದ ಈ ಬೀದಿಯ ಪ್ಲಂಬರನೂ ಬ್ಯಾಂಕಿನ ಗುಮಾಸ್ತನೂ ಕೊನೆಗೆ ಆ ಮುಖದೆದುರು ನಿಂತುಬಿಟ್ಟರು. ಹಾಗಾದರೆ ತೆಗೆಯುವುದು ತಪ್ಪು. ಒಬ್ಬಳ ಸಂಕೋಚಕ್ಕಾಗಿ ಇಷ್ಟು ಜನರಿಂದ ಅದನ್ನು ಕಿತ್ತುಕೊಳ್ಳುವುದು ತಪ್ಪು. ಯಾಕೆ ಅಂತೀರಿ, ಎಂದು ಕೇಳಿದಳು, ಉತ್ತರ ತನಗೆ ಗೊತ್ತಿದ್ದವಳ ಹಾಗೆ.

ಹ್ರಾಂಟ್ ಸ್ವಲ್ಪ ಮುಜುಗರಪಟ್ಟ. “ನೀವು ಕೇಳಿದ್ರಿ ಅಂತ ಹೇಳ್ತೀನಿ. ಮಿಕ್ಕ ಕಡೆ ಅವಳಿಗೆ ಗೊತ್ತು ನಾವು ನೋಡ್ತಿದೀವಿ ಅಂತ. ಇಲ್ಲಿ ಗೊತ್ತಿಲ್ಲ. ಪಕ್ಕದ ಮನೆ ಕಿಟಕೀಲಿ ಇಣುಕಿದ ಹಾಗೆ. ಗಂಡಸ್ರಿಗೆ ಅದರ ವಾಸನೆ ಬೇಗ ಹತ್ತುತ್ತೆ ಎಡಿಟರಮ್ಮ.” ಬಾಡಿಗೆ ಬೇಡ, ಸವೆದದ್ದಕ್ಕೆಂಥ ಬಾಡಿಗೆ, ಎಂದು ಕ್ಯಾಸೆಟ್ಟನ್ನು ಅವಳ ಕಡೆ ತಳ್ಳಿದ.

ವಾಪಸು ನಡೆಯುವಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಕಣ್ಣಿಗೆ ಧೂಳು ಬಿತ್ತು. ಫ್ರೆಸ್ನೋದಲ್ಲಿರುವ ಅಕ್ಕನಿಗೆ ಅವಳು ಈಗಲೂ ಶಾಲೆಯ ಚಿತ್ರಗಳನ್ನೇ ಮಾಡುತ್ತೇನೆಂದು ಹೇಳಿಕೊಂಡು ಬಂದಿದ್ದಳು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಯಾರಾದರೂ ಕೇಳಿದರೆ, ಟಿವಿಗೆ ಏನೇನೋ ಮಾಡ್ತೀವಿ ಎನ್ನುತ್ತಿದ್ದಳು. ಸುಳ್ಳು ಹೇಳುವಾಗ, ಅಯ್ಯೋ ಈ ಜನಕ್ಕೆ ಅರ್ಥವಾಗುವುದಿಲ್ಲವಲ್ಲ, ನಾನು ಆ ಮುಖವನ್ನು ಉಳಿಸಿದವಳು ಎಂದು ಒಳಗೊಳಗೇ ಬೀಗುತ್ತಿದ್ದಳು. ಈಗ ಹಾಗೆ ಬೀಗಲಾಗಲಿಲ್ಲ. ಕೋಣೆಗೆ ಬಂದು ಸ್ವೆಟರ್ ಹಾಕಿಕೊಂಡು, ಮೂಲೆಯ ಟಿವಿಗೆ ಕ್ಯಾಸೆಟ್ ಹಾಕಿ, ನಿಂತೇ ಅರವತ್ತೊಂದನೆಯ ನಿಮಿಷಕ್ಕೆ ಓಡಿಸಿದಳು. ಗೆರೆಗಳು ಬಂದವು. ಎಷ್ಟು ಜನರ ಹೆಬ್ಬೆರಳು ಒತ್ತಿ ಒತ್ತಿ ಎಬ್ಬಿಸಿದ ಗೆರೆಗಳೋ, ಡಾರ್ಲಾಳ ಭುಜದ ಮೇಲೂ ಎದೆಯ ಮೇಲೂ ಹರಿದಾಡುತ್ತಿದ್ದವು, ಮುಖ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುತ್ತಿತ್ತು. ಕೆಳಗೆ ಎಡಮೂಲೆಯಲ್ಲಿ ಮಾತ್ರ ಚಿತ್ರ ಚೊಕ್ಕವಾಗಿತ್ತು. ಅಲ್ಲಿ ನೀಲಿ ಬಟ್ಟೆಯ ಒಂದು ತುದಿ. ಕಿಟಕಿಯ ಪರದೆಯ ಅಂಚೆಂದು ತಿಳಿಯಬೇಕು ನೋಡಿದವರು. ಆ ನೀಲಿಯನ್ನು ಹಿಡಿದಿದ್ದವು ಬಿಳಿಯ ನಾಲ್ಕು ಬೆರಳು.

ಆವತ್ತು ಅವಳು ಸೆಟ್ಟಿಗೆ ಹೋಗಿದ್ದು ಎಮರಿಯನ್ನು ಒಂದು ಮಾತು ಕೇಳುವುದಕ್ಕೆ, ಯಾವುದೋ ಬಾಗಿಲ ದೃಶ್ಯದ ತುಣುಕು ಸಿಕ್ಕಿರಲಿಲ್ಲ. ಕೆಲಸದ ಮಧ್ಯೆ ಎದ್ದು ಹೋದವಳು, ಎಡಗೈಯ ಗವಸು ತೆಗೆಯಲು ಮರೆತಿದ್ದಳು. ಬಲಗೈಗೆ ಅವಳು ಯಾವತ್ತೂ ಹಾಕಿದವಳಲ್ಲ, ಬ್ಲೇಡು ಹಿಡಿಯುವ ಕೈಗೆ ಬರಿಬೆರಳೇ ಬೇಕು. ಬೇಕಾದವರಿಗಷ್ಟೇ ಪ್ರವೇಶವಿದ್ದ ಸೆಟ್ಟು, ಹತ್ತು ಹನ್ನೆರಡು ಜನ. ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದ, ಉಡುಪು ನೋಡಿಕೊಳ್ಳುವ ಹುಡುಗಿಗೆ ತಲೆನೋವಂತೆ, ಮಾತ್ರೆ ತರ್ತೀನಿ, ಕಟ್ ಅಂದ ತಕ್ಷಣ ಇದನ್ನ ಡಾರ್ಲಾಗೆ ಕೊಡಿ ಎಂದು ಪಿಸುಗುಟ್ಟಿ, ಟವೆಲ್ ಬಟ್ಟೆಯ ನೀಲಿ ಗೌನನ್ನು ಮರ್ನಾಳ ಕೈಗಿಟ್ಟು ಹೋದಳು. ಎಮರಿ ಕಟ್ ಅಂದ. ಮೆಲ್ಲಗೆ ಅಂದ. ಸುರುಳಿ ಹೇಗೂ ಮುಗಿಯುತ್ತಿದೆ ಎಂದು ಕ್ಯಾಮೆರಾದವನು ನಿಲ್ಲಿಸಲಿಲ್ಲ, ಅದರ ಗುಂಯ್ ಎನ್ನುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಮರ್ನಾ ಒಂದು ಹೆಜ್ಜೆ ಮುಂದಿಟ್ಟಳು. ಆಗ ಡಾರ್ಲಾ ಎದ್ದು ಕೂತು ಕಣ್ಣೆತ್ತಿದಳು. ಮರ್ನಾ ನಿಂತುಬಿಟ್ಟಳು. ಆ ಮುಖವನ್ನು ನೋಡಿ, ದೇವರೇ, ಇನ್ನೊಂದು ಕ್ಷಣ ಯಾರೂ ಅಲ್ಲಾಡದಿರಲಿ ಎಂದು ಬೇಡಿಕೊಂಡಳು. ಡಾರ್ಲಾ ಬಟ್ಟೆ ಹುಡುಕುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು. ಬಟ್ಟೆ ತನ್ನ ಕೈಯಲ್ಲಿದೆಯೆಂದು ಗೊತ್ತಿತ್ತು. ದೀಪಗಳ ಉರಿಬೆಳಕಿನಲ್ಲಿ ಆಚೆ ನಿಂತ ತಾನು ಡಾರ್ಲಾಳ ಕಣ್ಣಿಗೆ ಬರಿಯ ಕತ್ತಲೆ ಎಂಬುದೂ ಗೊತ್ತಿತ್ತು. ಸುರುಳಿ ಮುಗಿದು ಸದ್ದು ನಿಂತ ಮೇಲೆಯೇ ಅವಳ ಕಾಲು ಓಡಿದವು. ಓಡಿಹೋಗಿ, ಅಯ್ಯೋ ಮಗಳೇ, ಎಂದು ಗೌನು ಹೊದಿಸಿದಳು. ಡಾರ್ಲಾ ಅವಳ ಗವಸಿನ ಕೈಯನ್ನು ಹಿಡಿದುಕೊಂಡು, ಥ್ಯಾಂಕ್ಸ್ ಮರ್ನಾ, ಥ್ಯಾಂಕ್ಸ್ ಎಂದು ಎರಡು ಸಲ ಅಂದಳು.

ಒಂದೂವರೆಗೆ ಲೂ ಫೋನ್ ಮಾಡಿದ. ಅವನು ಫೋನ್ ಮಾಡುವುದು ಬಾಯಲ್ಲಿ ಸ್ಯಾಂಡ್‌ವಿಚ್ ಇದ್ದಾಗಲೇ. ಡಾರ್ಲಾ ನಿನಗೂ ಫೋನ್ ಮಾಡಿರ್ತಾಳೆ ನಂಗೊತ್ತು ಎಂದ. ಹೊಸ ಡಿಸ್ಕಿನ ಹೊದಿಕೆಗೆ ಆ ಮುಖವನ್ನೇ ಹಾಕುವುದೆಂದು ಆಗಿದೆಯಂತೆ, ಡಿಸ್ಕು ಕೊಳ್ಳುವ ಜರ್ಮನಿಯವರು ಕೇಳಿದ್ದೇ ಅದನ್ನಂತೆ, ಇಂಥ ಚಿತ್ರಗಳು ನೂರಿವೆ, ಅಂಥ ಮುಖ ಇರೋದು ಇದೊಂದರಲ್ಲೇ ಅಂತ. ಅದು ಕಾಗದದಲ್ಲಿ ಬರೆದದ್ದರ ಹೊರಗಿನದಲ್ಲವೇ ಎಂದು ಮರ್ನಾ ಕೇಳಿದಳು, ತನ್ನ ದನಿ ಇಷ್ಟು ಸಣ್ಣಗಾಗುತ್ತದೆಂದು ಅವಳು ತಿಳಿದಿರಲಿಲ್ಲ. ಲೂ ಸ್ವಲ್ಪ ಹೊತ್ತು ಅಗಿದ.

“ಮೂರು ವರ್ಷದ ಹಿಂದೆ ಅದನ್ನ ಹೆಕ್ಕಿ ತಂದು ನನ್ ಮುಂದೆ ಇಟ್ಟೋಳು ಯಾರಮ್ಮ? ನಾನಾ? ಎಮರಿಗೇ ಗೊತ್ತಿರ್ಲಿಲ್ಲ ಹಂಗೊಂದಿದೆ ಅಂತ. ನೀನು ಕಣ್ಣಲ್ಲಿ ನೀರು ಹಾಕ್ಕೊಂಡು ತೋರಿಸ್ದೆ. ಈಗ ನಂಗೆ ಧರ್ಮ ಹೇಳ್ಬೇಡ. ಮುಟ್ಟಿದ್ಯೋ, ನಾಳೆಯಿಂದ ಆ ಕೋಣೆ ಬೇರೆಯವರಿಗೆ.”

ನಿಜವೇ. ಅವನ ಮಾತಿನಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ, ಅದಕ್ಕೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವೂ ಅವಳಿಗೆ ದಕ್ಕಲಿಲ್ಲ. ಸುರುಳಿಗಳ ಬಾಲದಲ್ಲಿ ಉಳಿದ ಚೂರುಪಾರುಗಳನ್ನು ಯಾರೂ ನೋಡುವುದಿಲ್ಲ, ಕಟ್ ಎಂದ ಮೇಲಿನದು ಕಸ. ಹುಡುಕಿದ್ದು ಅವಳು. ಅಲ್ಲಿ ಇರುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತಲ್ಲ. ಗೌನು ಕೊಡದೆ ಹಿಡಿದುಕೊಂಡದ್ದು ಒಂದು ಸಲ, ಜೋಡಿಸಿದ್ದು ಎರಡನೆಯ ಸಲ. ಪರದೆಯ ಕೆಳಗೆ ಎಮರಿ ಅಂಟಿಸಿದ ಕಪ್ಪು ಪಟ್ಟಿ ಇನ್ನೂ ಹಾಗೇ ಇತ್ತು. ಉಗುರಿನಿಂದ ಅದನ್ನು ಕಿತ್ತಳು, ಅಂಟು ಒಣಗಿ ಪುಡಿಪುಡಿಯಾಗಿ ಬಂತು. ಖಾನೆ ಎಳೆದು ಹೊಸ ಪೆಟ್ಟಿಗೆ ಒಡೆದು ಎಡಗೈಗೆ ಗವಸು ಹಾಕಿಕೊಂಡಳು. ಮೂಲಪ್ರತಿಯ ನಾಲ್ಕನೆಯ ಸುರುಳಿಯನ್ನು ಮೇಜಿನ ಮೇಲಿಟ್ಟು, ಆ ಜಾಗಕ್ಕೆ ಬಂದು, ಬ್ಲೇಡು ಎತ್ತಿಕೊಂಡು, ಮತ್ತೆ ಕೆಳಗಿಟ್ಟಳು. ತೆಗೆದರೆ ಡಾರ್ಲಾಳ ಮಾತು ನಡೆಸಿಕೊಟ್ಟಂತೆ. ಜೊತೆಗೆ ಆ ಮೂಲೆಯೂ ಹೋಗುತ್ತದೆ, ಬಿಳಿ ಬೆರಳುಗಳೂ ಹೋಗುತ್ತವೆ, ಹೊಸ ಡಿಸ್ಕಿನ ಚೊಕ್ಕ ಚಿತ್ರದಲ್ಲಿ ಯಾರ ಕಣ್ಣಿಗೂ ಬೀಳದಂತೆ. ಸವೆದ ಹಳೆಯ ಕ್ಯಾಸೆಟ್ಟುಗಳು ಇನ್ನೆಷ್ಟು ದಿನ. ಹಾಗಾದರೆ ಈ ಕೈ ಈಗ ಯಾರಿಗಾಗಿ ಕತ್ತರಿಸುತ್ತಿದೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ, ತಾನು ಹಾಲು ಕುಡಿದದ್ದಲ್ಲದೆ ಈಗ ಪಾತ್ರೆಯನ್ನೂ ತೊಳೆದಿಡುತ್ತಿದ್ದೇನೆ ಎನ್ನಿಸಿತು. ಉಳಿಸಿದರೆ ಅನ್ಯಾಯ, ತೆಗೆದರೆ ಕಳ್ಳತನ. ಯಾವುದಾದರೂ ಒಂದನ್ನು ಮಾಡಿ ಶುದ್ಧಳಾಗುವ ದಾರಿಯನ್ನು ತಾನು ಆವತ್ತೇ ಮುಚ್ಚಿಕೊಂಡಾಗಿದೆ. ಗಡಿಯಾರ ಎರಡು ಮುಕ್ಕಾಲು ತೋರಿಸಿತು. ಬ್ಲೇಡು ಒತ್ತಿದಳು. ಎರಡು ಸಲ ಒತ್ತಿ, ತುದಿಗಳನ್ನು ಜೋಡಿಸಿ ಅಂಟಿಸಿದಳು. ಹದಿನಾರೂವರೆ ಅಡಿ, ಇನ್ನೂರ ಅರವತ್ತನಾಲ್ಕು ಚಿತ್ರಗಳು, ಬಿಡಿಯಾಗಿ ಅವಳ ಕೈಯಲ್ಲಿ ನೇತಾಡಿದವು. ಬುಟ್ಟಿಯ ಮೇಲೆ ಹಿಡಿದಳು. ಬಿಡಲಿಲ್ಲ. ಬಳೆಯಂತೆ ಸುತ್ತಿ ಮೇಜಿನ ಮೇಲಿಟ್ಟಳು.

ಡಾರ್ಲಾ ತೋಳಿಲ್ಲದ ಹಳದಿ ಉಡುಪಿನಲ್ಲಿ ಬಂದಳು, ಎರಡು ಗಂಟೆ ಕಾರು ಓಡಿಸಿ ಬೆವೆತಿದ್ದಳು. ಮೈ ಸ್ವಲ್ಪ ತುಂಬಿದೆ, ಕೂದಲು ಗಿಡ್ಡವಾಗಿದೆ. ದಾರಿಯಲ್ಲಿ ಕೊಂಡ ಡೋನಟ್ಟುಗಳ ಪೊಟ್ಟಣ ಕೈಯಲ್ಲಿತ್ತು. ಒಳಗೆ ಕಾಲಿಟ್ಟವಳೇ ತಣ್ಣಗಿನ ಗಾಳಿಗೆ ತೋಳುಗಳನ್ನು ಎದೆಗೆ ಒತ್ತಿಕೊಂಡಳು. ಆ ಭಂಗಿ ನೋಡಿದ್ದೇ ತಡ, ಮರ್ನಾ ತನ್ನ ಮೈಮೇಲಿನ ಸ್ವೆಟರನ್ನು ಕಿತ್ತು ಅವಳ ಹೆಗಲಿಗೆ ಹೊದಿಸಿದಳು. ಎಷ್ಟು ಅವಸರದಿಂದೆಂದರೆ ಡಾರ್ಲಾ ನಕ್ಕುಬಿಟ್ಟಳು. “ನೋಡಿ, ನೀವು ಹಂಗೇ ಇದೀರಿ,” ಎಂದಳು. ಮರ್ನಾ ಯಂತ್ರ ಓಡಿಸಿ ತೋರಿಸಿದಳು. ಕೊಲೆ ಮುಗಿಯಿತು, ಬಾಗಿಲು ಮುಚ್ಚಿತು, ಆಮೇಲೆ ಬೆಳಗಿನ ರಸ್ತೆ. ನಡುವೆ ಏನೂ ಇಲ್ಲ. ಚಿತ್ರ ಅಲ್ಲಿ ಒಂದು ಸಾಧಾರಣ ಚಿತ್ರವಾಗಿಹೋಗಿತ್ತು, ಅದು ಮರ್ನಾಳಿಗೆ ಈಗಲೂ ಚುಚ್ಚಿತು. ಡಾರ್ಲಾ ಇನ್ನೊಮ್ಮೆ ತೋರಿಸಿ ಅಂದಳು. ಎರಡನೆಯ ಸಲ ನೋಡುವಾಗ ಕಣ್ಣೊರೆಸಿಕೊಂಡಳು. ಡಾಕ್ಟರ ಹತ್ತಿರ ಬರುವ ಒಬ್ಬ ಮನುಷ್ಯ, ಬಾಯಿ ತೆರೆದು ಕೂತಾಗಲೂ ತನ್ನನ್ನೇ ನೋಡುತ್ತಾನೆ, ಗುರುತು ಹಿಡಿದಿದ್ದಾನೆ, ಹಾಸಿಗೆಯ ದೃಶ್ಯ ನೋಡಿ ಗುರುತು ಹಿಡಿದಿದ್ದರೆ ಹೋಗಲಿ ಅನ್ನಬಹುದು, ಅವನು ಒಂದು ದಿನ ಆ ನಗೆಯನ್ನು ನಕ್ಕು ತೋರಿಸಿದ ಎಂದಳು. ಅದಕ್ಕೇ ಬಂದದ್ದು. ಆವತ್ತು ಗೌನು ಬರುವಷ್ಟರಲ್ಲಿ ಒಂದು ಗಂಟೆಯಾದಂತಿತ್ತು ತನಗೆ, ಎಲ್ಲರೂ ತನ್ನನ್ನು ಮರೆತರು ಅನ್ನಿಸಿತ್ತು. ಮರೆಯುವುದು ದೊಡ್ಡ ತಪ್ಪಲ್ಲ, ಪಾಪ, ಎಲ್ಲರಿಗೂ ಅವರವರ ಕೆಲಸ ಎಂದು ತಾನೇ ಸಮಾಧಾನ ಹೇಳಿದಳು.

ಮರೆಯಲಿಲ್ಲ ಎಂದು ಈಗ ಹೇಳಬೇಕು, ಈಗಲೇ,  ಎಂದುಕೊಂಡಳು ಮರ್ನಾ. ಹೇಳಿದರೆ ಈ ಹುಡುಗಿ ಮೂರು ವರ್ಷ ಜೋಪಾನ ಮಾಡಿಕೊಂಡು ಬಂದ ಒಂದೇ ಒಂದು ಒಳ್ಳೆಯ ನೆನಪನ್ನೂ ತಾನು ಕಿತ್ತುಕೊಂಡಂತೆ. ಹೇಳದಿದ್ದರೆ ಈ ಥ್ಯಾಂಕ್ಸನ್ನು ಸಾಯುವ ತನಕ ಹೊರಬೇಕು. ಇಷ್ಟೆಲ್ಲ ಯೋಚಿಸುತ್ತಿದ್ದಾಗಲೇ ಅವಳ ಗವಸಿನ ಕೈ ಮೇಜಿನ ಮೇಲಿದ್ದ ಸುರುಳಿಯನ್ನು ಎತ್ತಿ ಡಾರ್ಲಾಳ ಮುಂದೆ ಹಿಡಿದಿತ್ತು. ಇದು ನಿನ್ನದು, ನೀನೇ ಇಟ್ಟುಕೋ, ಸುಡುವುದಾದರೆ ಸುಡು ಎಂದಳು. ಡಾರ್ಲಾ ಅದನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಅಯ್ಯೋ ನನ್ನ ಕೂದಲೇ, ಎಂದು ನಕ್ಕಳು. ಎಷ್ಟು ಚಿಕ್ಕದಾಗಿದೀನಿ ಎಂದಳು. ಆಮೇಲೆ ಹೆಬ್ಬೆರಳು ಒಂದು ಚಿತ್ರದ ಕೆಳಮೂಲೆಯ ಹತ್ತಿರ ನಿಂತಿತು, ಮುಂದಿನದಕ್ಕೆ ಸರಿಯಿತು, ಅದರ ಮುಂದಿನದಕ್ಕೆ ಸರಿಯಿತು. ಒಂದು ಮಾರು ನೋಡಿದಳು, ಇನ್ನೊಂದು ಮಾರು ಎಳೆದುಕೊಂಡಳು. ಬಿಚ್ಚಿದ್ದು ಅವಳ ಕಾಲ ಬಳಿ ಸುತ್ತಿಕೊಳ್ಳುತ್ತ ಹೋಯಿತು. ಹಿಂದಕ್ಕೆ ಹೋಗಿ ಮೊದಲನೆಯ ಚಿತ್ರವನ್ನು ಹುಡುಕಿ ನೋಡಿದಳು, ಕೊನೆಯದನ್ನು ನೋಡಿದಳು. ಆಮೇಲೆ ತಿರುಗಿ ಮರ್ನಾಳ ಎಡಗೈಯನ್ನು ನೋಡಿದಳು.

“ಮೊದಲಿಂದಾನೂ ನಿಮ್ಮ ಕೈಲೇ ಇತ್ತಾ?”

“ಇತ್ತು,” ಎಂದಳು ಮರ್ನಾ.

ಡಾರ್ಲಾ ಬೈಯಲಿಲ್ಲ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. ನೆಲದ ಮೇಲಿನ ಫಿಲ್ಮನ್ನು ಸಾವಕಾಶವಾಗಿ ಸುತ್ತಿಕೊಂಡು, ಒಂದು ರಬ್ಬರ್‌ಬ್ಯಾಂಡ್ ಇದ್ದರೆ ಕೊಡ್ತೀರಾ ಎಂದು ಕೇಳಿದಳು. ಮರ್ನಾ ಹುಡುಕಿ ಕೊಟ್ಟಳು. ಅದನ್ನು ಹಾಕಿ ಸುರುಳಿಯನ್ನು ಚೀಲದಲ್ಲಿಟ್ಟುಕೊಂಡಳು. ಆಮೇಲೆ ಹೆಗಲ ಮೇಲಿನ ಸ್ವೆಟರನ್ನು ತೆಗೆದಳು, ತೋಳುಗಳನ್ನು ಒಳಕ್ಕೆ ಮಡಿಸಿ, ಅಂಗಡಿಯವರು ಮಡಿಸುವ ಹಾಗೆ ಚೌಕವಾಗಿ ಮಡಿಸಿ, ಮರ್ನಾಳ ಕೈಗಿಟ್ಟಳು. ತಣ್ಣಗಿದೆ, ಹಾಕ್ಕೊಂಡು ಹೋಗು, ಎಂದಳು ಮರ್ನಾ. ಬೇಡ, ಹೊರಗೆ ಸೆಖೆ ಇದೆ, ಎಂದಳು ಡಾರ್ಲಾ. ಬಾಗಿಲ ಹತ್ತಿರ ನಿಂತು, ಹೇಗೂ ತೆಗೆದ್ರಲ್ಲ, ಎಂದು ಮಾತನ್ನು ಪೂರ್ತಿ ಮಾಡದೆ, ಆ ಸಣ್ಣ ನಗೆಯನ್ನು ನಕ್ಕು ಹೊರಟುಹೋದಳು.

ಮೆಟ್ಟಿಲಿಳಿಯುವ ಸದ್ದು ಕೇಳಿಸಿತು, ಕಾರು ಶುರುವಾದ ಸದ್ದು ಕೇಳಿಸಿತು. ಮೇಜಿನ ಮೇಲೆ ಡೋನಟ್ಟುಗಳ ಪೊಟ್ಟಣ ಬಿಚ್ಚದೆ ಉಳಿದಿತ್ತು. ಮರ್ನಾಳ ತೋಳುಗಳ ಮೇಲೆ ಚಳಿಗೆ ಮುಳ್ಳೆದ್ದವು. ಸ್ವೆಟರನ್ನು ಬಿಡಿಸಿ ಹಾಕಿಕೊಳ್ಳಬಹುದಿತ್ತು, ಹಾಕಿಕೊಳ್ಳಲಿಲ್ಲ. ನಾಲ್ಕು ಗಂಟೆಗೆ ಲ್ಯಾಬಿನವನು ಬಂದು ಬಾಗಿಲು ತಟ್ಟಿದಾಗ ಅವಳು ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.